ದಾಕ್ಷಿಣ್ಯದ ದೆವ್ವಗಳು: ಎಲ್. ಪಿ. ಹಾರ್ಟ್ಲಿಯ ಕಥೆ, ಕಾದಂಬರಿಗಳನ್ನು ಓದುವ ಕ್ರಮ

ಇಂಗ್ಲಿಷ್ ಲೇಖಕ ಎಲ್. ಪಿ. ಹಾರ್ಟ್ಲಿಯ ಹೆಸರು ಕೇಳದವರಿಗೂ ಅವನ ಒಂದು ವಾಕ್ಯ ಪರಿಚಿತವಾಗಿರಬಹುದು. ಕಳೆದ ಕಾಲವೆಂಬುದು ಒಂದು ಪರದೇಶ, ಅಲ್ಲಿಯವರ ರೀತಿನೀತಿಗಳೇ ಬೇರೆ ಎಂಬ ಅರ್ಥದ ಆ ಮಾತು, 1953ರಲ್ಲಿ ಪ್ರಕಟವಾದ ಅವನ 'ದ ಗೋ-ಬಿಟ್ವೀನ್' ಕಾದಂಬರಿಯ ಮೊದಲ ಸಾಲು. ಸಾಲು ಪ್ರಸಿದ್ಧವಾದಷ್ಟು ಕಾದಂಬರಿ ಓದಿಸಿಕೊಂಡಿಲ್ಲ. ಕಾದಂಬರಿಯನ್ನು ಓದಿದವರಲ್ಲಿಯೂ ಅದೇ ಲೇಖಕ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಭೀತಿಯ ಸಣ್ಣಕಥೆಗಳನ್ನು ಬರೆದನೆಂದು ತಿಳಿದವರು ಕಡಿಮೆ. ದೆವ್ವದ ಕಥೆಗಳನ್ನು ಹುಡುಕಿ ಓದುವವರಾದರೋ ಅವನ ಹತ್ತು ಹನ್ನೆರಡು ಕಥೆಗಳನ್ನು ಮೆಚ್ಚಿ, ಬಾಲ್ಯದ ಕಾದಂಬರಿಗಳು ಬೇರೆ ಯಾರದೋ ಎಂಬಂತೆ ಬಿಟ್ಟುಬಿಡುತ್ತಾರೆ. ಈ ಎರಡು ದಾರಿಯಲ್ಲಿಯೂ ಹಾರ್ಟ್ಲಿ ಅರ್ಧವೇ ದೊರೆಯುತ್ತಾನೆ. ಮೊದಲು ಕಥೆಗಳು, ಆಮೇಲೆ ಕಾದಂಬರಿಗಳು ಎಂಬ ಕ್ರಮದಲ್ಲಿ, ಒಂದೇ ಎಳೆಯನ್ನು ಕೈಯಲ್ಲಿ ಹಿಡಿದು ಓದಿದರೆ ಅವನು ಪೂರ್ತಿಯಾಗಿ ಸಿಗುತ್ತಾನೆ ಎಂಬುದು ನನ್ನ ನಂಬಿಕೆ, ಮತ್ತು ಆ ಓದಿನ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಆ ಎಳೆಗೆ ಕನ್ನಡದಲ್ಲಿ ಸಿದ್ಧವಾದ ಪದವೊಂದಿದೆ: ದಾಕ್ಷಿಣ್ಯ. ಇಲ್ಲವೆನ್ನಲಾರದೆ ಒಪ್ಪಿಕೊಳ್ಳುವುದು, ಎದುರಿನವರ ಮನಸ್ಸು ನೋಯಬಾರದೆಂದು ಬಾಗಿಲು ತೆರೆಯುವುದು, ಮರುಕಕ್ಕೆ ಕೈಚಾಚುವುದು. ಹಾರ್ಟ್ಲಿಯ ಕಥೆಗಳಲ್ಲಿ ಕೇಡು ಬಾಗಿಲು ಒಡೆದು ನುಗ್ಗುವುದು ಅಪರೂಪ. ಸಾಮಾನ್ಯವಾಗಿ ಯಾರೋ ಒಬ್ಬ ಸಭ್ಯ ಮನುಷ್ಯ ಅದನ್ನು ಒಳಗೆ ಕರೆದಿರುತ್ತಾನೆ. ಆದ್ದರಿಂದ ಪ್ರತಿಯೊಂದು ಕೃತಿಯನ್ನು ಓದುವಾಗಲೂ ಇಲ್ಲಿ ಅತಿಥಿ ಯಾರು, ಆತಿಥೇಯ ಯಾರು, ಯಾರು ಯಾರಿಗೆ ಇಲ್ಲವೆನ್ನಲಾಗದೆ ಸಿಕ್ಕಿಬಿದ್ದರು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಿರಿ. ಕೈಯಲ್ಲೊಂದು ಪೆನ್ಸಿಲ್ ಇದ್ದರೆ ಉತ್ತರಗಳನ್ನು ಅಂಚಿನಲ್ಲಿ ಬರೆದಿಟ್ಟುಕೊಳ್ಳಿ. ನಾನು ಹಾಗೆ ಮಾಡಲು ತೊಡಗಿದ ಮೇಲೆಯೇ ಅವನ ಕಥೆಗಳು ನನಗೆ ನಿಜವಾಗಿ ತೆರೆದುಕೊಂಡವು.

ಲೇಖಕನ ಜೀವನಚರಿತ್ರೆಯನ್ನು ಮೊದಲೇ ಓದಬೇಕಾಗಿಲ್ಲ. ನಾಲ್ಕು ಸಂಗತಿ ತಿಳಿದಿದ್ದರೆ ಸಾಕು. ಲೆಸ್ಲಿ ಪೋಲ್ಸ್ ಹಾರ್ಟ್ಲಿ 1895ರ ಡಿಸೆಂಬರ್ 30ರಂದು ಕೇಂಬ್ರಿಜ್‌ಶೈರ್‌ನ ವಿಟಲ್ಸಿ ಎಂಬ ಊರಿನಲ್ಲಿ ಹುಟ್ಟಿದ. ತಂದೆ ವಕೀಲರು, ಇಟ್ಟಿಗೆ ಕಾರ್ಖಾನೆಯಿಂದ ಹಣವಂತರಾದವರು. ಮಗ ಹ್ಯಾರೋ ಶಾಲೆಗೂ ಆಕ್ಸ್‌ಫರ್ಡ್‌ನ ಬೇಲಿಯಲ್ ಕಾಲೇಜಿಗೂ ಹೋಗಿ, ತನಗಿಂತ ಮೇಲಿನ ಅಂತಸ್ತಿನ ಮನೆಗಳಲ್ಲಿ ಅತಿಥಿಯಾಗಿ ಉಳಿಯುವ ಅಭ್ಯಾಸ ಬೆಳೆಸಿಕೊಂಡ. 1909ರಲ್ಲಿ, ಹುಡುಗನಾಗಿದ್ದಾಗ, ಶಾಲೆಯ ಗೆಳೆಯನೊಬ್ಬನ ಜೊತೆ ನಾರ್ಫಕ್‌ನ ಬ್ರೇಡನ್‌ಹಮ್ ಹಾಲ್ ಎಂಬ ದೊಡ್ಡ ಮನೆಯಲ್ಲಿ ಕೆಲವು ದಿನ ತಂಗಿದ್ದ. ನಲವತ್ತು ವರ್ಷಗಳ ನಂತರ ಆ ಮನೆ 'ದ ಗೋ-ಬಿಟ್ವೀನ್'ನ ಬ್ರ್ಯಾಂಡಮ್ ಹಾಲ್ ಆಯಿತು. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ವೆನಿಸ್ ನಗರದಲ್ಲಿ ದೀರ್ಘಕಾಲ ಕಳೆದ. 1972ರ ಡಿಸೆಂಬರ್ 13ರಂದು ತೀರಿಕೊಂಡ. ಕರೆಸಿಕೊಂಡವರ ಮನೆಯಲ್ಲಿ ಹೇಗಿರಬೇಕು ಎಂಬ ಆತಂಕ ಅವನಿಗೆ ಪುಸ್ತಕದಿಂದ ಬಂದದ್ದಲ್ಲ ಎಂಬುದನ್ನು ಮಾತ್ರ ನೆನಪಿಟ್ಟುಕೊಂಡು ಮುಂದೆ ಹೋಗಬಹುದು.

ಕಥೆಗಳಿಗಾಗಿ 'ದ ಟ್ರ್ಯಾವೆಲಿಂಗ್ ಗ್ರೇವ್' ಎಂಬ ಸಂಕಲನವನ್ನು ಹುಡುಕಿ. ಹನ್ನೆರಡು ಕಥೆಗಳ ಈ ಪುಸ್ತಕವನ್ನು 1948ರಲ್ಲಿ ಅಮೆರಿಕದ ಆರ್ಕಮ್ ಹೌಸ್ ಮೊದಲು ಪ್ರಕಟಿಸಿತು. ಅವನ ಎಲ್ಲ ಕಥೆಗಳನ್ನು ಒಟ್ಟುಗೂಡಿಸಿದ ದೊಡ್ಡ ಸಂಪುಟ 1973ರಲ್ಲಿ, ಅವನ ಮರಣಾನಂತರ ಬಂದಿತು; ಅದು ಸಿಕ್ಕರೆ ಇನ್ನೂ ಒಳ್ಳೆಯದು, ಏಕೆಂದರೆ ನಾನು ಮೊದಲು ಓದಿರೆಂದು ಹೇಳುವ ಕಥೆ ಹನ್ನೆರಡರ ಸಂಕಲನದಲ್ಲಿಲ್ಲ.

ಆ ಕಥೆಯ ಹೆಸರು 'ಡಬ್ಲ್ಯೂ. ಎಸ್.' ಇದು 1952ರದು. ಇಂಗ್ಲೆಂಡಿನ ಆಚಾರವಿಚಾರ ಏನೂ ತಿಳಿಯದವರಿಗೂ ಅರ್ಥವಾಗುವ ಕಥೆಯಾದ್ದರಿಂದ ಇಲ್ಲಿಂದ ತೊಡಗುವುದು ಸುಲಭ. ವಾಲ್ಟರ್ ಸ್ಟ್ರೀಟರ್ ಎಂಬ ಕಾದಂಬರಿಕಾರನಿಗೆ ಅಪರಿಚಿತನೊಬ್ಬನಿಂದ ಅಂಚೆ ಕಾರ್ಡುಗಳು ಬರತೊಡಗುತ್ತವೆ. ಸಹಿಯ ಜಾಗದಲ್ಲಿ ಎರಡೇ ಅಕ್ಷರ, ಅವು ಅವನ ಹೆಸರಿನ ಮೊದಲಕ್ಷರಗಳೂ ಹೌದು. ಓದುವ ಮೊದಲು ಬ್ರಿಟನ್ನಿನ ಒಂದು ನಕಾಶೆಯನ್ನು ಎದುರಿಗೆ ಇಟ್ಟುಕೊಳ್ಳಿ. ಮೊದಲ ಕಾರ್ಡು ಸ್ಕಾಟ್ಲೆಂಡಿನ ಫಾರ್ಫರ್‌ನಿಂದ ಬರುತ್ತದೆ, ಆಮೇಲೆ ಬೆರಿಕ್, ಯಾರ್ಕ್, ಕಾವೆಂಟ್ರಿ. ಪ್ರತಿ ಊರಿಗೂ ಒಂದು ಚುಕ್ಕಿ ಹಾಕುತ್ತಾ ಬಂದರೆ, ಭಯವೆಂಬುದು ಈ ಲೇಖಕನಲ್ಲಿ ಎಷ್ಟು ಸಾವಧಾನವಾಗಿ, ಅಂಚೆಯವನ ನಡಿಗೆಯಲ್ಲಿ ಹತ್ತಿರವಾಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಕಾರ್ಡುಗಳ ಮಾತು ಒರಟಲ್ಲ ಎಂಬುದನ್ನೂ ಗಮನಿಸಿ: ಅವು ಮೆಚ್ಚುಗೆ ಸೂಚಿಸುತ್ತವೆ, ಸಲಹೆ ನೀಡುತ್ತವೆ, ಭೇಟಿಯ ಆಸೆ ತೋರುತ್ತವೆ. ಒಂದು ಪಾತ್ರವನ್ನು ಸೃಷ್ಟಿಸಿದವನು ಅದಕ್ಕೆ ಏನು ಕೊಟ್ಟ, ಏನು ಕೊಡದೆ ಹೋದ ಎಂಬ ಲೆಕ್ಕ ಕೊನೆಗೆ ಎದುರಾಗುತ್ತದೆ. ಒಂದೇ ಕೂರಿಕೆಯಲ್ಲಿ ಓದಿ ಮುಗಿಸಿ. ನಡುವೆ ಎದ್ದರೆ ಕಾರ್ಡುಗಳ ನಡುವಣ ಅಂತರ ಕುಗ್ಗುತ್ತಾ ಬರುವ ಲಯ ಕೆಡುತ್ತದೆ.

ಎರಡನೆಯದಾಗಿ 'ಪೊಡೊಲೊ'. ವೆನಿಸ್‌ನ ಹತ್ತಿರದ ನಿರ್ಜನ ದ್ವೀಪವೊಂದಕ್ಕೆ ಗೊಂಡೊಲದಲ್ಲಿ ವಿಹಾರ ಹೊರಟವರಲ್ಲಿ ಏಂಜೆಲಾ ಎಂಬಾಕೆಗೆ, ಯಾರೋ ಬಿಟ್ಟುಹೋದ, ಹಸಿದು ಬಡಕಲಾದ ಒಂದು ಬೆಕ್ಕು ಕಾಣಿಸುತ್ತದೆ. ಅದಕ್ಕೆ ಊಟ ಕೊಡಬೇಕು, ಹಿಡಿದು ಕರೆದೊಯ್ಯಬೇಕು ಎಂದು ಅವಳಿಗೆ ತೋರುತ್ತದೆ. ಬೆಕ್ಕು ಕೈಗೆ ಸಿಗುವುದಿಲ್ಲ. ಹಾಗಾದರೆ ಅದು ಇಲ್ಲಿ ನರಳಿ ಸಾಯುವುದಕ್ಕಿಂತ ತಾನೇ ಕೊಂದುಬಿಡುವುದು ಕರುಣೆಯಲ್ಲವೆ ಎಂಬಲ್ಲಿಗೆ ಅವಳ ವಿಚಾರ ಬಂದು ನಿಲ್ಲುತ್ತದೆ. ಇಲ್ಲಿ ಪುಸ್ತಕ ಮುಚ್ಚಿ ಎರಡು ನಿಮಿಷ ಯೋಚಿಸಿ. ಅವಳ ಒಂದೊಂದು ಹೆಜ್ಜೆಯೂ ಒಳ್ಳೆಯ ಮನಸ್ಸಿನಿಂದಲೇ ಇಟ್ಟದ್ದು. ಮರುಕ ಎಲ್ಲಿ ಕೊಲೆಯಾಗಿ ತಿರುಗಿತು ಎಂದು ನಿಮಗೆ ಬೆರಳಿಟ್ಟು ತೋರಿಸಲಾಗದಿದ್ದರೆ, ಕಥೆಯನ್ನು ನೀವು ಸರಿಯಾಗಿಯೇ ಓದುತ್ತಿದ್ದೀರಿ. ಕತ್ತಲಾದ ಮೇಲೆ ದ್ವೀಪದಲ್ಲಿ ಏನಾಯಿತು ಎಂಬುದನ್ನು ಹಾರ್ಟ್ಲಿ ಪೂರ್ತಿ ಹೇಳುವುದಿಲ್ಲ. ಅದೇನೆಂದು ಬಿಡಿಸಲು ಹೊರಡಬೇಡಿ. ಬೆಕ್ಕಿನ ವಿಷಯದಲ್ಲಿ ಏಂಜೆಲಾ ಮಾಡಿದ ತರ್ಕವನ್ನು ನೆನಪಿಟ್ಟುಕೊಂಡರೆ ಸಾಕು, ಅದು ಮುಂದೆ ಒಂದು ಕಾದಂಬರಿಯ ಮೊದಲ ಪುಟದಲ್ಲಿ ಮತ್ತೆ ಬರಲಿದೆ.

ಮೂರನೆಯ ಸಂಜೆಗೆ 'ಫೀಟ್ ಫೋರ್‌ಮೋಸ್ಟ್' ಇರಲಿ. ಕಾಲು ಮುಂದಾಗಿ ಎಂಬ ಈ ಶೀರ್ಷಿಕೆ, ಹೆಣವನ್ನು ಮನೆಯಿಂದ ಹೊರಕ್ಕೆ ಒಯ್ಯುವ ರೀತಿಯನ್ನು ಸೂಚಿಸುತ್ತದೆ. ಈ ಕಥೆಯ ದೆವ್ವಕ್ಕೆ ತಾನಾಗಿ ಹೊಸ್ತಿಲು ದಾಟುವ ಶಕ್ತಿಯಿಲ್ಲ. ಒಳಗಿರುವ ಯಾರಾದರೂ ಕನಿಕರಪಟ್ಟು ಅದನ್ನು ಎತ್ತಿಕೊಂಡು ಬರಬೇಕು. ಹಾರ್ಟ್ಲಿಯ ಇಡೀ ಬರಹಕ್ಕೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ನನಗೆ ಬೇರೆಲ್ಲೂ ಕಂಡಿಲ್ಲ. ಇದರ ಜೊತೆಗೆ 'ನೈಟ್ ಫಿಯರ್ಸ್' ಎಂಬ ಚಿಕ್ಕ ಕಥೆಯನ್ನೂ ಓದಿ: ಬೀದಿಯಲ್ಲಿ ಕೆಂಡದ ಪಕ್ಕ ಕುಳಿತ ರಾತ್ರಿ ಕಾವಲುಗಾರನ ಬಳಿ ಒಬ್ಬ ಅಪರಿಚಿತ ಬಂದು ಕೂರುತ್ತಾನೆ, ಮಾತಿಗೆಳೆಯುತ್ತಾನೆ, ಕಾವಲುಗಾರನ ಮನೆ, ಹೆಂಡತಿ, ನಿದ್ದೆ ಇವುಗಳ ಬಗ್ಗೆ ಒಂದೊಂದೇ ಸಂಶಯ ಬಿತ್ತುತ್ತಾನೆ. ಎದ್ದು ಹೋಗೆಂದು ಹೇಳುವ ಹಕ್ಕು ಕಾವಲುಗಾರನಿಗೆ ಇದೆ. ಅವನು ಹೇಳುವುದಿಲ್ಲ. ಇದೇ ಶೀರ್ಷಿಕೆಯ ಅವನ ಮೊದಲ ಕಥಾಸಂಕಲನ 1924ರಲ್ಲಿ ಬಂದಿತ್ತು, ಅಂದರೆ ಈ ಎಳೆ ಆರಂಭದಿಂದಲೂ ಅವನ ಕೈಯಲ್ಲಿತ್ತು.

'ಎ ವಿಸಿಟರ್ ಫ್ರಮ್ ಡೌನ್ ಅಂಡರ್' ಕಥೆಗೆ ಮಾತ್ರ ಸ್ವಲ್ಪ ಸಿದ್ಧತೆ ಬೇಕು, ಮತ್ತು ಆ ಸಿದ್ಧತೆ ಇಲ್ಲದೆ ಓದಿದವರಿಗೆ ಅದರ ಅರ್ಧ ಬಲ ತಪ್ಪಿಹೋಗುತ್ತದೆ. ಶೀರ್ಷಿಕೆಯಲ್ಲಿಯೇ ಎರಡು ಅರ್ಥಗಳಿವೆ. 'ಡೌನ್ ಅಂಡರ್' ಎಂದರೆ ಬ್ರಿಟಿಷರ ರೂಢಿಯಲ್ಲಿ ಆಸ್ಟ್ರೇಲಿಯಾ. ಅಕ್ಷರಶಃ ತೆಗೆದುಕೊಂಡರೆ ನೆಲದ ಕೆಳಗೆ. ಆಸ್ಟ್ರೇಲಿಯಾದಲ್ಲಿ ಹಣ ಮಾಡಿಕೊಂಡು ಲಂಡನ್ನಿನ ಹೋಟೆಲಿಗೆ ಮರಳಿದ ರಂಬೋಲ್ಡ್ ಎಂಬವನನ್ನು ಹುಡುಕಿಕೊಂಡು ಒಬ್ಬ ಸಂದರ್ಶಕ ಬರುತ್ತಾನೆ. ಕಥೆಯ ನಡುವೆ ರೇಡಿಯೋದಲ್ಲಿ ಮಕ್ಕಳ ಕಾರ್ಯಕ್ರಮವೊಂದು ಕೇಳಿಬರುತ್ತದೆ, ಮಕ್ಕಳು ಆಟದ ಹಾಡುಗಳನ್ನು ಹಾಡುತ್ತಾರೆ. ಕಥೆ 1926ರದು, ಬಿಬಿಸಿ ಹುಟ್ಟಿ ಆಗಿನ್ನೂ ನಾಲ್ಕು ವರ್ಷ. ಕೋಣೆಯಲ್ಲಿ ಯಾರೂ ಇಲ್ಲದೆ ಧ್ವನಿ ಮಾತ್ರ ಬರುವುದು ಆ ಓದುಗರಿಗೆ ಹೊಸ ಅನುಭವವಾಗಿತ್ತು. ಓದುವ ಮೊದಲು 'ಆರೆಂಜಸ್ ಅಂಡ್ ಲೆಮನ್ಸ್' ಹಾಡನ್ನು ಎಲ್ಲಿಯಾದರೂ ಹುಡುಕಿ ಕೇಳಿ. ಇಬ್ಬರು ಮಕ್ಕಳು ಕೈ ಎತ್ತಿ ಕಮಾನು ಕಟ್ಟುತ್ತಾರೆ, ಉಳಿದವರು ಕೆಳಗೆ ನುಸುಳುತ್ತಾರೆ, ಲಂಡನ್ನಿನ ಚರ್ಚುಗಳ ಗಂಟೆಗಳು ಒಂದಕ್ಕೊಂದು ಸಾಲದ ಮಾತನಾಡುತ್ತವೆ, ಕೊನೆಗೆ ಮಲಗಲು ದಾರಿ ತೋರುವ ಮೇಣದಬತ್ತಿ ಬರುತ್ತದೆ, ಅದರ ಹಿಂದೆಯೇ ತಲೆ ಕಡಿಯುವ ಕತ್ತಿ ಬರುತ್ತದೆ, ಕಮಾನು ಇಳಿದು ಒಬ್ಬ ಸಿಕ್ಕಿಬೀಳುತ್ತಾನೆ. 'ನಮ್ಮಯ ಹಕ್ಕಿ ಬಿಟ್ಟೇ ಬಿಟ್ಟೆ, ನಿಮ್ಮಯ ಹಕ್ಕಿ ಬಚ್ಚಿಟ್ಟುಕೊಳ್ಳಿ' ಎಂದು ಹಾಡುತ್ತಾ ಬೆಳೆದವರಿಗೆ, ಆಟದ ಹಾಡು ಕೇಳಿದ ಕೂಡಲೇ ಮೈ ಹೇಗೆ ಬಿಗಿಯಾಗುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ಹಳೆಯ ಸಾಲ, ಸಿಕ್ಕಿಬೀಳುವ ಸರದಿ, ಮಕ್ಕಳ ಧ್ವನಿ ಈ ಮೂರು ಹೇಗೆ ಒಂದಾಗುತ್ತವೆ ಎಂದು ನೋಡಿ. ಮಕ್ಕಳ ಲೋಕ ಮುಗ್ಧವಾದದ್ದೆಂಬ ಕಲ್ಪನೆಯನ್ನು ಹಾರ್ಟ್ಲಿ ಇಲ್ಲಿಯೇ ಕೈಬಿಟ್ಟಿದ್ದಾನೆ.

ಸಂಕಲನಕ್ಕೆ ಹೆಸರು ಕೊಟ್ಟ 'ದ ಟ್ರ್ಯಾವೆಲಿಂಗ್ ಗ್ರೇವ್' ಕಥೆಯನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಶವಪೆಟ್ಟಿಗೆಗಳನ್ನು ಸಂಗ್ರಹಿಸುವ ಶ್ರೀಮಂತನೊಬ್ಬನ ಮನೆಗೆ ಅತಿಥಿಗಳು ಬರುತ್ತಾರೆ. ಅವರಲ್ಲೊಬ್ಬ, ಸಂಗ್ರಹದಲ್ಲಿರುವುದು ಮಕ್ಕಳ ತಳ್ಳುಗಾಡಿಗಳೆಂದು ತಪ್ಪು ತಿಳಿದು ಬಹಳ ಹೊತ್ತು ಸಂಭಾಷಣೆ ನಡೆಸುತ್ತಾನೆ. ತೊಟ್ಟಿಲಿನ ಮಾತು ಚಟ್ಟಕ್ಕೂ ಹೊಂದುವ ಆ ಎರಡು ಮೂರು ಪುಟಗಳು ಅದ್ಭುತವಾಗಿವೆ. ಆದರೆ ಕಥೆಯ ಉತ್ತರಾರ್ಧ ಒಂದು ಯಂತ್ರದ ಚಮತ್ಕಾರವನ್ನು ನೆಚ್ಚಿಕೊಂಡಿದೆ, ಮತ್ತು ಇದನ್ನೇ ಮೊದಲು ಓದಿದವರು ಹಾರ್ಟ್ಲಿ ಇಷ್ಟೇ ಎಂದುಕೊಳ್ಳುವ ಅಪಾಯವಿದೆ.

ಈ ಐದು ಕಥೆಗಳಿಗೆ ಒಂದು ವಾರ ಕೊಡಿ, ಒಂದು ಸಂಜೆಗೆ ಒಂದಕ್ಕಿಂತ ಹೆಚ್ಚು ಬೇಡ ('ನೈಟ್ ಫಿಯರ್ಸ್' ಚಿಕ್ಕದಾದ್ದರಿಂದ ಅದನ್ನು ಎಣಿಸಿಲ್ಲ). ಅನಂತರ 'ದ ಶ್ರಿಂಪ್ ಅಂಡ್ ದಿ ಅನೆಮನಿ' ಎತ್ತಿಕೊಳ್ಳಿ. 1944ರಲ್ಲಿ ಬಂದ ಈ ಕಾದಂಬರಿ, ಯೂಸ್ಟಸ್ ಮತ್ತು ಅವನ ಅಕ್ಕ ಹಿಲ್ಡಾ ಇವರ ಕಥೆ ಹೇಳುವ ಮೂರು ಸಂಪುಟಗಳಲ್ಲಿ ಮೊದಲನೆಯದು. ಮೂರನೆಯದಾದ 'ಯೂಸ್ಟಸ್ ಅಂಡ್ ಹಿಲ್ಡಾ'ಕ್ಕೆ 1947ನೆಯ ಸಾಲಿನ ಜೇಮ್ಸ್ ಟೇಟ್ ಬ್ಲ್ಯಾಕ್ ಪ್ರಶಸ್ತಿ ದೊರೆಯಿತು. ಆದರೂ ಸಮಯ ಕಡಿಮೆಯಿದ್ದವರು ಮೊದಲನೆಯದನ್ನು ಮಾತ್ರ ಓದಿದರೆ ದೊಡ್ಡ ನಷ್ಟವಿಲ್ಲ.

ಇದರ ಮೊದಲ ದೃಶ್ಯವನ್ನು ನಿಧಾನವಾಗಿ, ಸಾಧ್ಯವಾದರೆ ಗಟ್ಟಿಯಾಗಿ ಓದಿ. ಕಡಲ ತೀರದ ಬಂಡೆಗಳ ನಡುವಿನ ನೀರಿನಲ್ಲಿ ಹೂವಿನಂತೆ ಕಾಣುವ ಒಂದು ಜೀವಿ ಸಿಗಡಿಯೊಂದನ್ನು ನುಂಗುತ್ತಿದೆ. ಚಿಕ್ಕ ಹುಡುಗ ಯೂಸ್ಟಸ್ ಅದನ್ನು ನೋಡಿ ತಳಮಳಗೊಳ್ಳುತ್ತಾನೆ. ಸಿಗಡಿಯನ್ನು ಬಿಡಿಸಿದರೆ ಇನ್ನೊಂದರ ಊಟ ಕಸಿದಂತೆ, ಬಿಡದಿದ್ದರೆ ಸಿಗಡಿ ಸಾಯುತ್ತದೆ. ಯಾರಿಗೂ ನೋವಾಗಬಾರದೆಂದು ಬಯಸುವವನಿಗೆ ತೀರ್ಮಾನವೇ ಸಾಧ್ಯವಿಲ್ಲ. ಅವನು ಅಕ್ಕನನ್ನು ಕರೆಯುತ್ತಾನೆ. ಹಿಲ್ಡಾ ಹಿಂದುಮುಂದು ನೋಡುವವಳಲ್ಲ, ಎರಡನ್ನೂ ಎಳೆದು ಬೇರ್ಪಡಿಸುತ್ತಾಳೆ. ಸಿಗಡಿ ಸತ್ತಿರುತ್ತದೆ, ಇನ್ನೊಂದರ ಕರುಳು ಹೊರಬಂದಿರುತ್ತದೆ. 'ಪೊಡೊಲೊ'ದ ಬೆಕ್ಕನ್ನು ಈಗ ನೆನಪಿಸಿಕೊಳ್ಳಿ. ಅದೇ ಮರುಕ, ಅದೇ ನಾಶ, ಆದರೆ ಇಲ್ಲಿ ದೆವ್ವವಿಲ್ಲ, ರಾತ್ರಿಯಿಲ್ಲ. ಹಗಲಿನ ಬೆಳಕಿನಲ್ಲಿ ಇಬ್ಬರು ಮಕ್ಕಳು ನಿಂತಿದ್ದಾರೆ. ಈ ಕಾರಣಕ್ಕಾಗಿಯೇ ಕಥೆಗಳನ್ನು ಮೊದಲು ಓದಿರೆಂದು ನಾನು ಒತ್ತಾಯಿಸುವುದು: ಅವು ಓದುಗನ ಕಣ್ಣನ್ನು ಹದಗೊಳಿಸುತ್ತವೆ, ಇಲ್ಲದಿದ್ದರೆ ಈ ದೃಶ್ಯ ಬಾಲ್ಯದ ಒಂದು ಸುಂದರ ನೆನಪಿನಂತೆ ಓದಿಸಿಕೊಂಡು ಹೋಗಿಬಿಡುತ್ತದೆ. ಮುಂದೆ ಯೂಸ್ಟಸ್ ಕೈಗಳು ವಿಕಾರವಾದ ವೃದ್ಧೆ ಮಿಸ್ ಫಾದರ್‌ಗಿಲ್‌ಳನ್ನು ಕಾಣಲು ಹೋಗಬೇಕಾದಾಗ, ಅವನ ಹೆದರಿಕೆಯನ್ನೂ ಅವನ ಸೌಜನ್ಯವನ್ನೂ ಒಟ್ಟಿಗೆ ಗಮನಿಸಿ. ದೆವ್ವದ ಕಥೆಯೊಂದು ಇಲ್ಲಿ ಹುಟ್ಟಬಹುದಾಗಿತ್ತು. ಅದರ ಬದಲು ಹುಟ್ಟುವುದು ಪ್ರೀತಿ, ಮತ್ತು ಆ ಪ್ರೀತಿಯಿಂದ ಬರುವ ಹಣ ಅವನ ಬಾಳಿಗೆ ಬೇರೊಂದು ಬಗೆಯ ಭಾರವಾಗುತ್ತದೆ.

ಈಗ 'ದ ಗೋ-ಬಿಟ್ವೀನ್'. ಇದಕ್ಕೆ ಹತ್ತು ದಿನವಾದರೂ ಬೇಕು. ಶೀರ್ಷಿಕೆಯನ್ನು ಕನ್ನಡದಲ್ಲಿ ಓಲೆಕಾರ ಎನ್ನಬಹುದು. ಅರವತ್ತು ದಾಟಿದ ಲಿಯೋ ಕಾಲ್ಸ್ಟನ್, ಕತ್ತಿನ ಪಟ್ಟಿಗಳನ್ನಿಡುವ ಹಳೆಯ ಪೆಟ್ಟಿಗೆಯೊಂದರಲ್ಲಿ 1900ರ ತನ್ನ ದಿನಚರಿಯನ್ನು ಕಂಡುಕೊಳ್ಳುವಲ್ಲಿ ಕಾದಂಬರಿ ಆರಂಭವಾಗುತ್ತದೆ. ಆ ವರ್ಷದ ಜುಲೈ ತಿಂಗಳಿನಲ್ಲಿ, ಹದಿಮೂರು ತುಂಬುವ ಮೊದಲು, ಅವನು ಸಹಪಾಠಿ ಮಾರ್ಕಸ್‌ನ ಅತಿಥಿಯಾಗಿ ಬ್ರ್ಯಾಂಡಮ್ ಹಾಲ್‌ಗೆ ಹೋಗಿದ್ದ. ಮಾರ್ಕಸ್‌ನ ಅಕ್ಕ ಮೇರಿಯನ್ ಮತ್ತು ಪಕ್ಕದ ಜಮೀನಿನ ಟೆಡ್ ಬರ್ಜೆಸ್ ಇವರ ನಡುವೆ ಚೀಟಿಗಳನ್ನು ಒಯ್ದಿದ್ದ. ಮೇರಿಯನ್‌ಗೆ ಲಾರ್ಡ್ ಟ್ರಿಮಿಂಗಮ್ ಜೊತೆ ಮದುವೆಯಾಗಬೇಕೆಂಬುದು ಮನೆಯವರ ಇಚ್ಛೆ. ಇದಕ್ಕಿಂತ ಹೆಚ್ಚು ಕಥೆಯನ್ನು ನಾನು ಹೇಳಬಾರದು, ನೀವೂ ಬೇರೆಡೆ ಓದಿ ತಿಳಿದುಕೊಳ್ಳಬೇಡಿ.

ಮೊದಲ ಸಾಲು ಎಷ್ಟೇ ಚೆನ್ನಾಗಿದ್ದರೂ ಅದರ ಮೇಲೆಯೇ ನಿಲ್ಲಬೇಡಿ. ಪೀಠಿಕೆಯ ನಿಜವಾದ ತಿರುಳು ಶಾಲೆಯ ಪ್ರಸಂಗದಲ್ಲಿದೆ. ದಿನಚರಿಯಲ್ಲಿ ಬರೆದ ಒಂದು ಆಡಂಬರದ ಪದಕ್ಕಾಗಿ ಇಬ್ಬರು ದೊಡ್ಡ ಹುಡುಗರು ಲಿಯೋನನ್ನು ಹಿಂಸಿಸುತ್ತಾರೆ. ಅವನು ತನ್ನ ರಕ್ತದಲ್ಲಿ ಮಾಟದ ಅಕ್ಷರಗಳನ್ನು ಬರೆದು ಅವರನ್ನು ಶಪಿಸುತ್ತಾನೆ. ಆ ಹುಡುಗರು ಛಾವಣಿಯಿಂದ ಬಿದ್ದು ತೀವ್ರವಾಗಿ ಗಾಯಗೊಳ್ಳುತ್ತಾರೆ, ಶಾಲೆಯಲ್ಲಿ ಲಿಯೋ ಮಂತ್ರವಾದಿಯಾಗುತ್ತಾನೆ. ಭೀತಿಯ ಕಥೆಗಾರನೂ ಬಾಲ್ಯದ ಕಾದಂಬರಿಕಾರನೂ ಕೈಕೈ ಹಿಡಿದು ನಿಂತಿರುವ ಜಾಗ ಇದು. ತಾನು ಬಯಸಿದ್ದು ನಡೆಯುತ್ತದೆ ಎಂದು ಒಮ್ಮೆ ನಂಬಿದ ಮಗು, ಮುಂದೆ ನಡೆಯುವುದಕ್ಕೆಲ್ಲ ತಾನೇ ಹೊಣೆ ಎಂದೂ ನಂಬಬೇಕಾಗುತ್ತದೆ. ಈ ಪ್ರಸಂಗವನ್ನು ಎರಡು ಸಲ ಓದಿಯೇ ಮೊದಲ ಅಧ್ಯಾಯಕ್ಕೆ ಹೋಗಿ.

ಕನ್ನಡದ ಓದುಗರು ಎಡವಬಹುದಾದ ಕೆಲವು ಜಾಗಗಳಿವೆ. ಮೊದಲನೆಯದು ಬಿಸಿಲು. ಲಿಯೋ ದಿನವೂ ಉಷ್ಣಮಾಪಕ ನೋಡಿ, ಪಾದರಸ ಇನ್ನೂ ಏರಲಿ ಎಂದು ಹಂಬಲಿಸುತ್ತಾನೆ. ಅಂಕಿಗಳು ಫ್ಯಾರನ್‌ಹೀಟ್‌ನಲ್ಲಿವೆ: 80 ಎಂದರೆ ನಮ್ಮ ಲೆಕ್ಕದ 27 ಡಿಗ್ರಿ ಸೆಲ್ಸಿಯಸ್, 90 ಎಂದರೆ 32. ಕಲಬುರಗಿಯಲ್ಲಿ ಅದು ತಂಪಾದ ದಿನ. ಆದ್ದರಿಂದ ಅಂಕಿಯನ್ನು ನೋಡದೆ ಹುಡುಗನ ಮೈಮೇಲಿನ ಬಟ್ಟೆಯನ್ನು ನೋಡಿ. ಅವನ ಬಳಿ ಇರುವುದು ದಪ್ಪ ಉಣ್ಣೆಯ ಉಡುಪು ಮಾತ್ರ; ಬೇಸಗೆಯ ಬಟ್ಟೆ ಕೊಳ್ಳುವ ಶಕ್ತಿ ವಿಧವೆ ತಾಯಿಗಿಲ್ಲ ಎಂಬುದನ್ನು ಮುಚ್ಚಿಡಲು ಅವನು ಬೆವರುತ್ತಾ ಸೆಖೆಯಿಲ್ಲವೆನ್ನುತ್ತಾನೆ. ಮೇರಿಯನ್ ಅವನನ್ನು ನಾರಿಚ್ ಪಟ್ಟಣಕ್ಕೆ ಕರೆದೊಯ್ದು ಹಸಿರು ಬಣ್ಣದ ಹೊಸ ಉಡುಪು ಕೊಡಿಸುತ್ತಾಳೆ. ಅವನು ಋಣಿಯಾಗುವುದು ಅಲ್ಲಿ. ಮುಂದೆ ಚೀಟಿ ಒಯ್ಯಲು ಇಲ್ಲವೆನ್ನಲಾಗದ್ದು ಈ ಋಣದಿಂದ. ಇಂಗ್ಲಿಷಿನಲ್ಲಿ ಹಸಿರು ಎಂದರೆ ಏನೂ ಅರಿಯದ ಎಳಸು ಎಂದೂ ಅರ್ಥ, ಮತ್ತು ಲಿಯೋಗೆ ಅದು ತಡವಾಗಿ ತಿಳಿಯುತ್ತದೆ. ಹಸಿ, ಹಸಿರು ಎಂಬ ಪದಗಳನ್ನು ಅಕ್ಕಪಕ್ಕ ಇಟ್ಟುಕೊಂಡಿರುವ ನಮಗೆ ಆ ಅವಮಾನ ಬೇಗ ತಟ್ಟುತ್ತದೆ. ಇನ್ನೊಂದು ಶ್ಲೇಷೆ ಮಾತ್ರ ಕನ್ನಡದಲ್ಲಿ ಒಡೆದುಹೋಗುತ್ತದೆ: ಟ್ರಿಮಿಂಗಮ್ ಲಿಯೋನನ್ನು 'ಮರ್ಕ್ಯುರಿ' ಎಂದು ಕರೆಯುತ್ತಾನೆ. ಅದು ದೇವತೆಗಳ ದೂತನ ಹೆಸರು, ಬುಧ ಗ್ರಹದ ಹೆಸರು, ಉಷ್ಣಮಾಪಕದೊಳಗಿನ ಪಾದರಸದ ಹೆಸರು. ಮೂರನ್ನೂ ಒಟ್ಟಿಗೆ ನೆನಪಿನಲ್ಲಿಟ್ಟುಕೊಂಡು ಓದಬೇಕು.

ರಾಶಿಚಕ್ರದ ವಿಷಯದಲ್ಲಿಯೂ ಎಚ್ಚರ ಬೇಕು. ಲಿಯೋನ ದಿನಚರಿಯಲ್ಲಿ ಹನ್ನೆರಡು ರಾಶಿಗಳ ಚಿತ್ರಗಳಿದ್ದು, ಬ್ರ್ಯಾಂಡಮ್ ಹಾಲ್‌ನ ಜನರೆಲ್ಲ ಅವನ ಮನಸ್ಸಿನಲ್ಲಿ ಆ ಚಿತ್ರಗಳಾಗಿ ಬದಲಾಗುತ್ತಾರೆ; ಮೇರಿಯನ್ ಕನ್ಯಾ ರಾಶಿ. ಅವನ ಹುಟ್ಟುಹಬ್ಬ ಜುಲೈ 27, ಅಂದರೆ ಪಾಶ್ಚಾತ್ಯ ಲೆಕ್ಕದಲ್ಲಿ ಸೂರ್ಯ ಸಿಂಹದಲ್ಲಿರುವ ದಿನ, ಅವನ ಹೆಸರಿನ ಅರ್ಥವೂ ಸಿಂಹವೇ. ನಮ್ಮ ಪಂಚಾಂಗದಂತೆ ಆ ದಿನ ಸೂರ್ಯ ಇನ್ನೂ ಕರ್ಕಾಟಕದಲ್ಲಿರುತ್ತಾನೆ, ಸಿಂಹ ಸಂಕ್ರಮಣ ಬರುವುದು ಆಗಸ್ಟ್ ನಡುವಿನಲ್ಲಿ. ಇಲ್ಲಿ ನಮ್ಮ ಲೆಕ್ಕವನ್ನು ಬದಿಗಿರಿಸಿ.

ಗಿಡದ ಹೆಸರು ಇನ್ನೊಂದು ಗೊಂದಲ. ಪಾಳುಬಿದ್ದ ಕಟ್ಟಡಗಳ ನಡುವೆ ಲಿಯೋ ಕಾಣುವ ವಿಷದ ಗಿಡ 'ಡೆಡ್ಲಿ ನೈಟ್‌ಶೇಡ್', ಸಸ್ಯಶಾಸ್ತ್ರದಲ್ಲಿ ಅಟ್ರೋಪ ಬೆಲ್ಲಡೋನ. 'ನೈಟ್‌ಶೇಡ್' ಪದಕ್ಕೆ ಅರ್ಥ ಹುಡುಕಿದವರಿಗೆ ಗಣಿಕೆ ಎಂಬ ಉತ್ತರ ಸಿಕ್ಕರೆ ಕಥೆಯೇ ಕೆಡುತ್ತದೆ. ಬದನೆಯ ಕುಟುಂಬದಲ್ಲಿ ಅವು ದಾಯಾದಿಗಳು, ಆದರೆ ನಾವು ಸಾರು ಮಾಡುವ ಗಣಿಕೆ ಸೊಪ್ಪು ಬೇರೆ, ಕೆಲವೇ ಹಣ್ಣುಗಳಿಂದ ಮಗುವನ್ನು ಕೊಲ್ಲಬಲ್ಲ ಈ ಗಿಡ ಬೇರೆ. ಬೆಲ್ಲಡೋನ ಎಂದರೆ ಇಟಾಲಿಯನ್ ಭಾಷೆಯಲ್ಲಿ ಸುಂದರಿ. ಅಷ್ಟು ತಿಳಿದರೆ ಹುಡುಗ ಆ ಗಿಡದ ಎದುರು ನಿಂತು ಹೆದರುವುದೂ ಮರುಳಾಗುವುದೂ ಯಾರನ್ನು ಕುರಿತು ಎಂಬುದು ಹೊಳೆಯುತ್ತದೆ. ಕಾದಂಬರಿಯ ಕೊನೆಯ ಭಾಗದಲ್ಲಿ, ರಾತ್ರಿಯ ಹೊತ್ತು ಅವನು ಈ ಗಿಡದೊಡನೆ ನಡೆಸುವ ಹೋರಾಟ ಹಾರ್ಟ್ಲಿ ಬರೆದ ಅತ್ಯುತ್ತಮ ದೆವ್ವದ ಕಥೆ ಎಂದು ನಾನು ಹೇಳುತ್ತೇನೆ, ಅದರಲ್ಲಿ ದೆವ್ವವಿಲ್ಲದಿದ್ದರೂ.

ಜಮೀನಿನ ಸಂಬಂಧಗಳನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ, ಏಕೆಂದರೆ ಲಿಯೋಗೂ ಅವು ಮೊದಲು ತಿಳಿಯುವುದಿಲ್ಲ. ಬ್ರ್ಯಾಂಡಮ್ ಹಾಲ್ ಟ್ರಿಮಿಂಗಮ್ ಮನೆತನದ್ದು. ಮೇರಿಯನ್‌ಳ ತಂದೆತಾಯಿ ಹಣವಿದ್ದ ಬಾಡಿಗೆದಾರರು. ಟೆಡ್ ಅದೇ ಎಸ್ಟೇಟಿನ ಗೇಣಿದಾರ. ಒಬ್ಬರಿಗೆ ಹೆಸರಿದೆ, ಒಬ್ಬರಿಗೆ ಹಣವಿದೆ, ಒಬ್ಬನಿಗೆ ದುಡಿಯುವ ಮೈಯಿದೆ. ಮೂವರ ಮುಂದೆಯೂ ಲಿಯೋ ಅತಿಥಿ, ಮೂವರಿಗೂ ಇಲ್ಲವೆನ್ನಲಾರ. ಟ್ರಿಮಿಂಗಮ್‌ನ ಮುಖದ ಗಾಯ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ್ದು. ಆ ಯುದ್ಧ 1899ರಲ್ಲಿ ಆರಂಭವಾಗಿ ಕಥೆಯ ಕಾಲದಲ್ಲಿ ನಡೆಯುತ್ತಲೇ ಇತ್ತು. ಉಡುಪನ್ನು ಮಡಚಿಡಬಾರದು, ಬಿದ್ದಲ್ಲೇ ಬಿಟ್ಟರೆ ಆಳುಗಳು ಎತ್ತಿಡುತ್ತಾರೆ ಎಂದು ಮಾರ್ಕಸ್ ಕಲಿಸುವ ನಿಯಮಗಳನ್ನು ನಗೆಚಾಟಿಕೆಯೆಂದು ದಾಟಿಬಿಡಬೇಡಿ. ಪ್ರತಿಯೊಂದು ನಿಯಮವೂ ಲಿಯೋನ ಬಾಯಿಗೆ ಹಾಕುವ ಒಂದೊಂದು ಹೊಲಿಗೆ.

ಕ್ರಿಕೆಟ್ ಪಂದ್ಯದ ಅಧ್ಯಾಯ ನಮ್ಮವರಿಗೆ ಅತ್ಯಂತ ಸುಲಭ, ಇಂಗ್ಲಿಷ್ ತಾಯ್ನುಡಿಯ ಎಷ್ಟೋ ಅಮೆರಿಕನ್ ಓದುಗರಿಗಿಂತ ನಮಗೆ ಅದು ಹತ್ತಿರ. ಹಾಲ್ ತಂಡಕ್ಕೂ ಹಳ್ಳಿಯ ತಂಡಕ್ಕೂ ಆಟ, ಲಿಯೋ ಹನ್ನೆರಡನೆಯವನು, ಬದಲಿ ಆಟಗಾರನಾಗಿ ಒಳಬಂದು ಟೆಡ್ ಹೊಡೆದ ಚೆಂಡನ್ನು ಹಿಡಿಯುತ್ತಾನೆ. ಇಡೀ ಅಧ್ಯಾಯವನ್ನು ಆಟವಾಗಿ ಸಂತೋಷದಿಂದ ಓದಿ, ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಆ ಚೆಂಡನ್ನು ಹಿಡಿಯಬೇಕೆಂದು ಅವನು ಬಯಸಿದ್ದನೆ?

ನನಗೆ ಅತ್ಯಂತ ಸಂಕಟ ಕೊಡುವ ಪುಟಗಳು ಬೇರೆ. ಎಲ್ಲವೂ ಮಿತಿಮೀರುತ್ತಿದೆ ಎನ್ನಿಸಿದಾಗ ಲಿಯೋ ತನ್ನನ್ನು ಮನೆಗೆ ಕರೆಸಿಕೊಳ್ಳೆಂದು ತಾಯಿಗೆ ಪತ್ರ ಬರೆಯುತ್ತಾನೆ. ತಾಯಿಯ ಉತ್ತರ ಪ್ರೀತಿಯದೇ, ವಿವೇಕದ್ದೇ: ಇಷ್ಟು ಉಪಕಾರ ಮಾಡಿದವರ ಮನೆಯಿಂದ ಹಾಗೆ ಎದ್ದು ಬರುವುದು ಸರಿಯಲ್ಲ. ಈ ಪತ್ರ ಸಿಗುವ ಜಾಗಕ್ಕೆ ಪೆನ್ಸಿಲಿನ ಗುರುತು ಹಾಕಿ, ಮೊದಲ ವಾರದಲ್ಲಿ ಓದಿದ ಕಥೆಗಳ ಹೊಸ್ತಿಲುಗಳನ್ನೆಲ್ಲ ಒಮ್ಮೆ ನೆನೆಯಿರಿ. ಮನೆಯೊಳಕ್ಕೆ ದೆವ್ವ ಬಂದದ್ದಲ್ಲ ಇದು, ಮಗು ಹೊರಗೆ ಬರಲಾಗದ್ದು; ಬಾಗಿಲು ಹಾಕಿದ್ದು ಮಾತ್ರ ಅದೇ ದಾಕ್ಷಿಣ್ಯ.

ಹುಟ್ಟುಹಬ್ಬದ ದಿನದ ಅಧ್ಯಾಯವನ್ನು ಮುಗಿಸಿ ಕಾದಂಬರಿ ಮುಗಿಯಿತೆಂದು ಪುಸ್ತಕ ಮಡಚುವವರಿದ್ದಾರೆ. ಅಲ್ಲಿಗೆ ಕಥೆಯ ಉದ್ವೇಗ ತೀರಿರುತ್ತದೆ. ಒಂದು ದಿನ ಬಿಟ್ಟು ಉಪಸಂಹಾರವನ್ನು ಓದಿ. ವೃದ್ಧ ಲಿಯೋ ಅದೇ ಊರಿಗೆ ಮರಳುತ್ತಾನೆ, ವೃದ್ಧೆ ಮೇರಿಯನ್ ಅವನಿಗೆ ಮತ್ತೊಂದು ಕೆಲಸ ಹೇಳುತ್ತಾಳೆ. ಅವನು ಏನು ಮಾಡುತ್ತಾನೆ ಎಂಬುದನ್ನು ನೋಡಿ. ಅದು ಸೋಲೋ ಬಿಡುಗಡೆಯೋ ಎಂಬುದರ ಬಗ್ಗೆ ಓದುಗರಲ್ಲಿ ಒಮ್ಮತ ಸಾಧ್ಯವಿಲ್ಲ, ನನ್ನ ಅಭಿಪ್ರಾಯವೂ ಪ್ರತಿ ಓದಿನಲ್ಲಿ ಬದಲಾಗಿದೆ.

ಜೋಸೆಫ್ ಲೋಸಿ ನಿರ್ದೇಶಿಸಿ, ಹೆರಾಲ್ಡ್ ಪಿಂಟರ್ ಚಿತ್ರಕಥೆ ಬರೆದ ಸಿನಿಮಾ 1971ರ ಕಾನ್ ಉತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಪಡೆಯಿತು. ಅದನ್ನು ಪುಸ್ತಕದ ಅನಂತರವೇ ನೋಡಬೇಕು. ಸಿನಿಮಾ ಮೇರಿಯನ್ ಮತ್ತು ಟೆಡ್‌ರನ್ನು ನಮ್ಮ ಕಣ್ಣಿಗೆ ನೇರವಾಗಿ ತೋರಿಸುತ್ತದೆ, ಹಾಗೆ ತೋರಿಸುವುದು ಅದಕ್ಕೆ ಅನಿವಾರ್ಯ. ಪುಸ್ತಕದಲ್ಲಿ ಅವರನ್ನು ನಾವು ನೋಡುವುದು ರಾಶಿಚಕ್ರದ ಮೂಲಕ, ಮಾಟದ ಮೂಲಕ, ಏನು ನಡೆಯುತ್ತಿದೆ ಎಂದು ತಿಳಿಯದ ಹುಡುಗನ ಹೆಮ್ಮೆಯ ಮೂಲಕ. ಮೊದಲೇ ಸಿನಿಮಾ ನೋಡಿದರೆ ಆ ತಿಳಿಯದಿರುವಿಕೆ ಮರಳಿ ಬಾರದು.

ಇಷ್ಟಾದ ಮೇಲೆ ಇನ್ನೂ ಓದುವ ಮನಸ್ಸಿದ್ದರೆ 1955ರ 'ಸಮ್‌ಒನ್ ಇನ್ ದ ಲಿಫ್ಟ್' ಎಂಬ ಪುಟ್ಟ ಕಥೆಗೆ ಹಿಂದಿರುಗಿ. ಹೋಟೆಲಿನ ಲಿಫ್ಟಿನೊಳಗೆ ಚಿಕ್ಕ ಹುಡುಗನಿಗೆ ಮಾತ್ರ ಯಾರೋ ನಿಂತಂತೆ ಕಾಣುತ್ತದೆ, ತಂದೆ ಜೊತೆಗಿದ್ದಾಗ ಮಾತ್ರ ಕಾಣುವುದಿಲ್ಲ. 'ದ ಗೋ-ಬಿಟ್ವೀನ್' ಬಂದ ಎರಡು ವರ್ಷಗಳ ಮೇಲೆ ಬರೆದ ಕಥೆ ಅದು. ಅದನ್ನು ಓದುವಾಗ ಲಿಯೋನ ತಂದೆ ಕಾದಂಬರಿಯಲ್ಲಿ ಎಲ್ಲಿದ್ದರು ಎಂದು ಪುಟ ತಿರುವಿ ನೋಡಿ.